ಗೊಗ್ಗಜ್ಜನೂ ಸಕ್ಕರೆಬಾಯಿಯೂ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಬ್ರೈಲ್ ಮುದ್ರಣಾಲಯವಿತ್ತು. ಕಣ್ಣು ಕಾಣದ ಮಕ್ಕಳ ಪಠ್ಯಪುಸ್ತಕಗಳು ಅಲ್ಲಿಂದಲೇ ಅಚ್ಚಾಗಿ ಹೋಗುತ್ತಿದ್ದವು. ಅಲ್ಲಿ ಕರಡು ತಿದ್ದುವ ಮೇಜಿನಲ್ಲಿ ಕೂತವಳನ್ನು ಯಜಮಾನರಿಂದ ಹಿಡಿದು ಕೆಳಗಿನ ಸೈಕಲ್ ಅಂಗಡಿಯವನವರೆಗೆ ಎಲ್ಲರೂ ತಿದ್ದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಕಣ್ಣಿಲ್ಲ. ಚಿಕ್ಕಂದಿನ ಜ್ವರವೊಂದು ಎರಡನ್ನೂ ಒಯ್ದಿತ್ತು. ಅದರ ಬದಲಿಗೋ ಏನೋ, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟು ಚುರುಕಾಗಿತ್ತು.

ಅವಳ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರ್. ಅದು ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಗಂಟಲಲ್ಲಿ ಮರಳು ಸಿಕ್ಕಿಕೊಂಡಂಥ ಗೊಗ್ಗರು ದನಿ. ತಿದ್ದಕ್ಕ ಅದಕ್ಕೆ ಗೊಗ್ಗಜ್ಜ ಎಂದು ಹೆಸರಿಟ್ಟಿದ್ದಳು. ವರ್ಷಗಳು ಉರುಳಿದಂತೆ ಅವನ ವೇಗವನ್ನು ಹೆಚ್ಚಿಸುತ್ತಾ ಹೋಗಿ, ಈಗ ಬೇರೆಯವರ ಕಿವಿಗೆ ಅದು ಬಾಣಲೆಯಲ್ಲಿ ಕಾಳು ಸಿಡಿದ ಸದ್ದಿನಂತೆ ಕೇಳುತ್ತಿತ್ತು. ಅವಳಿಗೆ ಮಾತ್ರ ಒಂದೊಂದು ಅಕ್ಷರವೂ ಸ್ಪಷ್ಟ. ಪಕ್ಕದ ಕೋಣೆಯಲ್ಲಿ ದಪ್ಪ ಹಾಳೆಯ ಮೇಲೆ ಚುಕ್ಕಿ ಒತ್ತುವ ಯಂತ್ರವಿತ್ತು. ಅದು ಶುರುವಾದರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಗೊಗ್ಗಜ್ಜ ಓದುತ್ತಿದ್ದ, ತಿದ್ದಕ್ಕ ತಿದ್ದುತ್ತಿದ್ದಳು, ಯಂತ್ರ ಒತ್ತುತ್ತಿತ್ತು. ಹೀಗೆ ಮೂವರ ಸಂಸಾರ ಯಾವ ತಕರಾರೂ ಇಲ್ಲದೆ ನಡೆದಿತ್ತು.

ಒಂದು ಬೆಳಿಗ್ಗೆ ಕಂಪ್ಯೂಟರಿನ ಬೆನ್ನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ತಿದ್ದಕ್ಕ ಸ್ವಿಚ್ಚು ಆರಿಸುವಷ್ಟರಲ್ಲಿ ಗೊಗ್ಗಜ್ಜ ಅರ್ಧ ಪದದಲ್ಲೇ ನಿಂತುಹೋದ.

ಯಜಮಾನರು ಕೆಟ್ಟವರಲ್ಲ. ಆದರೆ ಅವರಿಗೆ ಎಂಥ ಸಮಸ್ಯೆಯಾದರೂ ಊಟದ ಹೊತ್ತಿಗೆ ಬಗೆಹರಿಯಬೇಕು. "ಹೋದದ್ದೇ ಒಳ್ಳೇದಾಯ್ತು ಬಿಡಿ," ಎಂದರು. "ಪಠ್ಯಪುಸ್ತಕದ ಕಚೇರಿಯೋರು ಈ ವರ್ಷದಿಂದ ಹೊಸ ಥರದ ಫೈಲು ಕಳಿಸ್ತಾರಂತೆ. ನಿಮ್ಮ ಹಳೇ ಸಿಸ್ಟಮ್ಮಲ್ಲಿ ಅದು ತೆರೆಯೋದೂ ಇಲ್ವಂತೆ. ಹೇಗಿದ್ರೂ ಹೊಸದು ತರಬೇಕಿತ್ತು."

ಹೊಸ ಕಂಪ್ಯೂಟರ್ ಬಂತು. ಅದರೊಳಗೆ ಅದೇ ಕಂಪನಿಯ ಆಪರೇಟಿಂಗ್ ಸಿಸ್ಟಮ್ಮಿನ ಹೊಚ್ಚಹೊಸ ಆವೃತ್ತಿ, ಅದರ ಜೊತೆಗೇ ಬಂದ ಹೊಸ ದನಿ. ಒಂದು ಹೆಂಗಸಿನ ದನಿ, ಒಂದೊಂದು ವಾಕ್ಯವನ್ನೂ ಜೇನಿನಲ್ಲಿ ಅದ್ದಿ ತೆಗೆದು ಕೊಡುತ್ತಿತ್ತು. "ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತಾಳೆ!" ಎಂದರು ಯಜಮಾನರು. ತಿದ್ದಕ್ಕ ಒಂದು ಪುಟ ಕೇಳಿ, "ಇವಳು ಓದಿ ಮುಗಿಸೋ ಹೊತ್ತಿಗೆ ಮಕ್ಕಳು ಓದು ಮುಗಿಸಿ ಮದುವೆ ಆಗಿರ್ತಾರೆ," ಎಂದಳು. ಅಂದಿನಿಂದ ಅವಳ ಹೆಸರು ಸಕ್ಕರೆಬಾಯಿ ಎಂದಾಯಿತು.

ಸಕ್ಕರೆಬಾಯಿಯ ಬಳಿ ಗುಣಗಳೂ ಇದ್ದವು. ಕಚೇರಿ ಕಳಿಸಿದ ಹೊಸ ಫೈಲುಗಳನ್ನು ಅವಳು ಸಲೀಸಾಗಿ ತೆರೆದಳು. ಗೊಗ್ಗಜ್ಜ ಬರೀ "ಚಿಹ್ನೆ, ಚಿಹ್ನೆ" ಎಂದು ಹಾರಿಸಿಬಿಡುತ್ತಿದ್ದ ಗಣಿತದ ಗುರುತುಗಳನ್ನು ಬಿಡಿಸಿ ಬಿಡಿಸಿ ಓದಿದಳು. ಆದರೆ ಪಕ್ಕದ ಕೋಣೆಯ ಯಂತ್ರಕ್ಕೂ ಅವಳಿಗೂ ಎಣ್ಣೆ ಸೀಗೇಕಾಯಿ. ಯಂತ್ರ ಹಳೆಯದು, ಅದನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೊಸ ಆವೃತ್ತಿಗೆ ಅದರ ಭಾಷೆ ಕಲಿಸುವವರು ಯಾರೂ ಉಳಿದಿರಲಿಲ್ಲ. ಮೊದಲ ಹಾಳೆ ಒತ್ತಿಸಿ ನೋಡಿದಾಗ ತಿದ್ದಕ್ಕನ ಬೆರಳು ಎರಡು ಸಾಲು ಓಡಿ ನಿಂತಿತು.

"ಏನಂತಿದೆ?" ಎಂದರು ಯಜಮಾನರು.

"ಕೋಳಿ ಕೆದರಿದೆ," ಎಂದಳು ತಿದ್ದಕ್ಕ.

ಹೊಸ ಯಂತ್ರ ಕೊಳ್ಳುವ ಮಾತೇ ಇರಲಿಲ್ಲ. ಅದರ ಬೆಲೆಗೆ ಆ ಮಹಡಿಯನ್ನೇ ಕೊಳ್ಳಬಹುದಿತ್ತು. ಹಳೆಯ ಆವೃತ್ತಿಯನ್ನೇ ಮತ್ತೆ ಹಾಕೋಣವೆಂದರೆ ಪಠ್ಯದ ಫೈಲು ತೆರೆಯುವುದಿಲ್ಲ. ಹೊಸದನ್ನು ಇಟ್ಟುಕೊಳ್ಳೋಣವೆಂದರೆ ಅಚ್ಚಾಗುವುದಿಲ್ಲ. ಶಾಲೆ ತೆರೆಯುವ ಕಾಲ ಹತ್ತಿರವಾಗುತ್ತಿತ್ತು. ಏಳನೆಯ ತರಗತಿಯ ವಿಜ್ಞಾನ ಪುಸ್ತಕ ಒಂದು ಹಾಳೆಯೂ ಆಗಿರಲಿಲ್ಲ. ಅತ್ತ ದರಿ ಇತ್ತ ಪುಲಿ ಎಂದುಕೊಂಡು ಯಜಮಾನರು ಕೋಣೆಯ ಉದ್ದಕ್ಕೂ ಓಡಾಡಿದರು. ಕೊನೆಗೆ ತಿದ್ದಕ್ಕನ ಮೇಜಿನೆದುರು ನಿಂತು ಗಂಟಲು ಸರಿಮಾಡಿಕೊಂಡರು.

"ಹೀಗೆ ಮಾಡೋಣ. ಹೊರಗಡೆ ಎಲ್ಲಾದ್ರೂ ಫೈಲು ಬದಲಾಯಿಸಿ, ಅಚ್ಚು ಹಾಕಿಸ್ಕೊಂಡು ಬರೋದಕ್ಕೆ ಕಣ್ಣಿರೋರು ಒಬ್ಬರನ್ನ ತಗೊಳ್ತೀನಿ. ನೀವು ಬಂದ ಹಾಳೆ ಮಾತ್ರ ಓದಿ, ತಪ್ಪು ಹೇಳಿ. ಕಂಪ್ಯೂಟರಿನ ತಲೆನೋವು ನಿಮಗ್ಯಾಕೆ?"

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ತಿದ್ದಕ್ಕನಿಗೂ ಗೊತ್ತಿತ್ತು. ಆದರೂ ಆ ಸಂಜೆ ಮೆಟ್ಟಿಲಿಳಿಯುವಾಗ ಅವಳ ಕೋಲು ದಿನದಂತೆ ತಟ್ಟಲಿಲ್ಲ, ಎಳೆದುಕೊಂಡು ಬಂತು. ಕೆಳಗೆ ಸೈಕಲ್ ಅಂಗಡಿಯವನು, "ಏನ್ ತಿದ್ದಕ್ಕ, ಇವತ್ತು ಬೈಗುಳವೇ ಇಲ್ಲ?" ಎಂದ. ಅವಳು ಬಸ್ಸಿನ ಕಡೆಗೆ ನಡೆದಳು. ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವುದೊಂದು, ಅದನ್ನು ತಾನೇ ಸರಿಮಾಡುವುದು ಇನ್ನೊಂದು. ಇಷ್ಟು ವರ್ಷ ಅವಳು ಎರಡನ್ನೂ ಮಾಡಿದ್ದಳು.

ಮನೆಯಲ್ಲಿ ಮೂವರು. ತಿದ್ದಕ್ಕ, ಶಾಲಾ ವ್ಯಾನು ಓಡಿಸುವ ಗಂಡ, ಗಂಡನ ತಂಗಿ. ಈ ನಾದಿನಿ ಬೇರೆ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಅಂಗಡಿ ಮುಚ್ಚಿತು, ಅವಳು ಸ್ಕ್ರೂಡ್ರೈವರುಗಳ ಚೀಲ ಹೆಗಲಿಗೇರಿಸಿಕೊಂಡು ಅಣ್ಣನ ಮನೆಗೆ ಬಂದಳು. ಕೈಗೆಲಸ ಬಲ್ಲವಳು, ಮನಸ್ಸು ಬೆಣ್ಣೆ. ಆದರೆ ಸಹಾಯ ಮಾಡಿ ಮಾಡಿಯೇ ಜೀವ ತೆಗೆಯುವ ಜಾತಿ. ಅತ್ತಿಗೆ ನೀರಿಗೆ ಕೈ ಚಾಚುವ ಮೊದಲೇ ಲೋಟ ಕೈಗಿಡುತ್ತಿದ್ದಳು. ದಾರಿಗೆ ಅಡ್ಡವೆಂದು ಕುರ್ಚಿ ಸರಿಸುತ್ತಿದ್ದಳು. ಸರಿಸಿದ ಕುರ್ಚಿಗೆ ತಿದ್ದಕ್ಕ ಮೊಣಕಾಲು ಬಡಿದುಕೊಳ್ಳುತ್ತಿದ್ದಳು. ಒಂದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಚೆಂದವಾಗಿ ಜೋಡಿಸಿಟ್ಟಿದ್ದಳು. ಆ ಸಂಜೆಯ ಚಹಾಕ್ಕೆ ಉಪ್ಪು ಬಿದ್ದಿತ್ತು. ಅಂದಿನಿಂದ ಇಬ್ಬರ ನಡುವೆ ಮಾತು ಬೇಕಾದಷ್ಟು ಮಾತ್ರ.

ಊಟಕ್ಕೆ ಕೂತಾಗ ತಿದ್ದಕ್ಕ ನಡೆದದ್ದನ್ನು ಗಂಡನಿಗೆ ಹೇಳಿದಳು. ಗಂಡ, "ಹೋಗಲಿ ಬಿಡು, ಕೆಲಸ ಕಡಿಮೆಯಾಯ್ತಲ್ಲ," ಎಂದು ಸಮಾಧಾನ ಹೇಳಿದ. ಆಗ ಎದುರಿನಿಂದ ನಾದಿನಿಯ ದನಿ ಬಂತು.

"ಎರಡನ್ನೂ ಒಂದರಲ್ಲೇ ಕೂರಿಸಬಹುದಲ್ಲ ಅತ್ತಿಗೆ."

"ಯಾವ ಎರಡನ್ನು?"

"ಹಳೇ ಆವೃತ್ತೀನೂ, ಹೊಸಾ ಆವೃತ್ತೀನೂ. ಒಂದೇ ಕಂಪ್ಯೂಟರ್, ಒಳಗೆ ಎರಡು ಮನೆ. ಆನ್ ಮಾಡ್ದಾಗ ಯಾವುದು ಬೇಕು ಅಂತ ಅದೇ ಕೇಳತ್ತೆ. ಫೈಲು ತೆಗೆಯೋದಕ್ಕೆ ಹೊಸದಕ್ಕೆ ಹೋಗು, ಅಚ್ಚಿಗೆ ಹಳೇದಕ್ಕೆ ಬಾ."

"ಒಂದೇ ಒರೆಯಲ್ಲಿ ಎರಡು ಕತ್ತಿ ಇಡೋಕಾಗತ್ತಾ?"

"ಒಂದು ಸಲಕ್ಕೆ ಒಂದೇ ಎದ್ದಿರತ್ತೆ. ಇನ್ನೊಂದು ಮಲಗಿರತ್ತೆ. ಜಗಳಕ್ಕೆ ಅವಕಾಶವೇ ಇಲ್ಲ."

"ಅಷ್ಟು ಸುಲಭ ಆಗಿದ್ರೆ ಎಲ್ಲ ಮನೆಯಲ್ಲೂ ಹಾಗೇ ಮಾಡಬಹುದಿತ್ತು," ಎಂದ ಗಂಡ. ಇಬ್ಬರು ಹೆಂಗಸರೂ ಅವನ ಕಡೆಗೆ ತಿರುಗಿದ್ದನ್ನು ಕಂಡು ಬೇಗಬೇಗ ಕೈತೊಳೆಯಲು ಎದ್ದ.

ಮಾರನೆಯ ದಿನ ನಾದಿನಿ ಚೀಲ ಹೊತ್ತು ಮುದ್ರಣಾಲಯಕ್ಕೆ ಬಂದಳು. ಸುಟ್ಟುಹೋದ ಕಂಪ್ಯೂಟರನ್ನು ಯಜಮಾನರು ಗುಜರಿಗೆ ಹಾಕದೆ ಮೂಲೆಯಲ್ಲಿಟ್ಟದ್ದು ಒಳ್ಳೆಯದಾಗಿತ್ತು. ಅದರ ಡಿಸ್ಕು ಜೀವಂತವಾಗಿತ್ತು. ಮೊದಲು ಹೊಸ ಆವೃತ್ತಿಯ ಒಳಗೇ ಒಂದು ಕಿಟಕಿಯಲ್ಲಿ ಹಳೆಯದನ್ನು ಎಬ್ಬಿಸಿ ನೋಡಿದಳು. ಗೊಗ್ಗಜ್ಜ ಎದ್ದ, ಆದರೆ ಒಂದೊಂದು ಅಕ್ಷರಕ್ಕೂ ತಡವರಿಸಿದ, ಯಂತ್ರವಂತೂ ಅವನನ್ನು ಗುರುತೇ ಹಿಡಿಯಲಿಲ್ಲ. ಅದನ್ನು ಬಿಟ್ಟು, ಹಳೆಯ ಡಿಸ್ಕನ್ನೇ ಹೊಸ ಪೆಟ್ಟಿಗೆಯೊಳಗೆ ಕೂರಿಸಿದಳು. ಯಂತ್ರದ ಅಗಲವಾದ ಹಳೆಯ ಕೇಬಲ್ಲಿಗೆ, ಹಳೆಯ ಆವೃತ್ತಿಗೂ ಗುರುತು ಸಿಗುವಂಥ ಒಂದು ಜೋಡಣೆಯ ಕಾರ್ಡನ್ನು ಎಲ್ಲಿಂದಲೋ ಹುಡುಕಿ ತಂದಳು. ಎರಡೂ ಆವೃತ್ತಿಗಳಿಗಿಂತ ಮೊದಲು ಎದ್ದು "ಯಾವುದು ಬೇಕು?" ಎಂದು ಕೇಳುವ ಪುಟ್ಟ ಪ್ರೋಗ್ರಾಮೊಂದನ್ನು ಬಾಗಿಲಲ್ಲಿ ಕೂರಿಸಿದಳು. ಹಲವು ಸಲ ಕೆಟ್ಟಿತು, ಅಷ್ಟೇ ಸಲ ಅವಳು ಹಲ್ಲುಕಚ್ಚಿ ಮತ್ತೆ ಶುರುಮಾಡಿದಳು. ಕೊನೆಗೊಮ್ಮೆ ಸಂಜೆಯ ಹೊತ್ತಿಗೆ ತಿದ್ದಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಗುಂಡಿ ಒತ್ತಿದಳು.

ಗೊಗ್ಗಜ್ಜ ಮಾತಾಡಿದ.

ಕಾಳು ಸಿಡಿದಂಥ ಆ ದನಿ ಕೇಳಿ ತಿದ್ದಕ್ಕನ ಕೈ ತನ್ನಷ್ಟಕ್ಕೇ ಕೀಲಿಮಣೆಯ ಮೇಲೆ ಹೋಯಿತು. ಒಂದು ಹಳೆಯ ಪಾಠ ತೆರೆದು ಅಚ್ಚಿಗೆ ಕಳಿಸಿದಳು. ಪಕ್ಕದ ಕೋಣೆಯಲ್ಲಿ ಆಲಿಕಲ್ಲು ಸುರಿಯಿತು. ಬಿಸಿ ಹಾಳೆಯ ಮೇಲೆ ಬೆರಳಾಡಿಸಿ, "ಪದಕ್ಕೆ ಪದ ಸರಿ," ಎಂದಳು. ಯಜಮಾನರು ನಾದಿನಿಗೆ ಕೈ ಮುಗಿದೇಬಿಟ್ಟರು.

"ಈಗ ಹೊಸದಕ್ಕೆ ಹೋಗೋದು ಹೇಗೆ?" ಎಂದಳು ತಿದ್ದಕ್ಕ.

"ಆಫ್ ಮಾಡಿ ಆನ್ ಮಾಡಿದ್ರೆ ಪರದೆ ಮೇಲೆ ಎರಡು ಸಾಲು ಬರತ್ತೆ. ಮೊದಲನೇದು ಹಳೇದು, ಎರಡನೇದು ಹೊಸದು. ಬಾಣದ ಕೀಲೀಲಿ ಕೆಳಗಿಳಿದು ಎಂಟರ್ ಒತ್ತಿದ್ರೆ ಆಯ್ತು."

"ಆ ಸಾಲು ಬಂತು ಅಂತ ಯಾರು ಹೇಳ್ತಾರೆ? ಗೊಗ್ಗಜ್ಜನೋ ಸಕ್ಕರೆಬಾಯಿಯೋ?"

ನಾದಿನಿ ಅದನ್ನು ಯೋಚಿಸಿಯೇ ಇರಲಿಲ್ಲ. ಆ ಸಾಲುಗಳು ಬರುವಾಗ ಇಬ್ಬರೂ ಮಲಗಿರುತ್ತಾರೆ. ಬಾಗಿಲು ಕಾಯುವ ಪ್ರೋಗ್ರಾಮಿಗೆ ಬಾಯಿಲ್ಲ.

"ಅಷ್ಟಕ್ಕೇನು ಅತ್ತಿಗೆ," ಎಂದಳು ಆಮೇಲೆ, ಗೆಲುವಿನಿಂದಲೇ. "ಯಾರಾದ್ರೂ ಒಂದು ಕೀಲಿ ಒತ್ತಿ ಕೊಡ್ತಾರೆ. ಯಜಮಾನರಿದ್ದಾರೆ, ಕೆಳಗೆ ಸೈಕಲ್ ಅಂಗಡಿಯೋರಿದ್ದಾರೆ. ಬೇಕಾದ್ರೆ ನಾನೇ ದಿನಾ ಬಂದು ಒತ್ತಿ ಹೋಗ್ತೀನಿ."

ತಿದ್ದಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನನ್ನ ಮನೆಗೆ ನಾನು ಹೋಗೋದಕ್ಕೆ ದಿನಾ ಇನ್ನೊಬ್ಬರು ಬಂದು ಬೀಗ ತೆಗೀಬೇಕು ಅಂದ್ರೆ ಅದು ನನ್ನ ಮನೆ ಹೇಗಾಗತ್ತೆ? ಯಜಮಾನರು ಹೇಳಿದ್ದೂ ಇದೇ ತಾನೇ, ಕಣ್ಣಿರೋರು ಒಬ್ಬರು ಬೇಕು ಅಂತ. ನೀನು ಸುತ್ತಿ ಬಳಸಿ ಅಲ್ಲಿಗೇ ತಂದು ನಿಲ್ಲಿಸಿದೆ."

"ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಬಹುಮಾನ?" ನಾದಿನಿ ಸ್ಕ್ರೂಡ್ರೈವರನ್ನು ಚೀಲಕ್ಕೆಸೆದಳು. "ಒಂದೇ ಒಂದು ಕೀಲಿ ಅತ್ತಿಗೆ!"

"ಆ ಒಂದೇ ಕೀಲೀಲೇ ಇರೋದು ಎಲ್ಲಾ."

ಅಂದು ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಮನೆಗೆ ಬಂದರು.

ತಿದ್ದಕ್ಕ ಸೋಲೊಪ್ಪುವವಳಲ್ಲ. ಗುಂಡಿ ಒತ್ತಿ, ಮನಸ್ಸಿನಲ್ಲೇ ಎಣಿಸಿ, ಸಾಲುಗಳು ಬಂದಿರಬೇಕೆಂಬ ಅಂದಾಜಿನ ಮೇಲೆ ಕೀಲಿ ಒತ್ತಲು ಅಭ್ಯಾಸ ಮಾಡಿದಳು. ಎರಡು ಮೂರು ದಿನ ಸರಿಯಾಗಿಯೇ ನಡೆಯಿತು. ಆ ದಿನಗಳಲ್ಲಿ ಒಂದು ಸಂಗತಿಯನ್ನು ಅವಳು ಯಾರಿಗೂ ಹೇಳದೆ ಗಮನಿಸಿದಳು. ಸಕ್ಕರೆಬಾಯಿಯ ವೇಗವನ್ನು ಹೆಚ್ಚಿಸಬಹುದಿತ್ತು. ಹೆಚ್ಚಿಸಿದರೆ ಆ ಜೇನೆಲ್ಲ ಇಳಿದು ಒಳಗಿನ ಚುರುಕು ಹೆಂಗಸು ಹೊರಬರುತ್ತಿದ್ದಳು. ವಿಜ್ಞಾನ ಪಾಠದ ಚಿತ್ರಗಳ ಕೆಳಗೆ ಬರೆದ ವಿವರಣೆಯನ್ನು ಅವಳು ಓದಿ ಹೇಳಿದಾಗ, ಹೂವಿನ ಅಡ್ಡಸೀಳಿಕೆಯೊಳಗೆ, ಅಂದರೆ ಹೂವನ್ನು ಕೊಯ್ದು ತೋರಿಸಿದ ಚಿತ್ರದೊಳಗೆ, ಏನೇನಿರುತ್ತದೆಂದು ತಿದ್ದಕ್ಕನಿಗೆ ಮೊದಲ ಸಲ ಪೂರ್ತಿ ತಿಳಿಯಿತು. ಶಾಲೆಯಲ್ಲಿ ಅವಳ ಪುಸ್ತಕದಲ್ಲಿ ಅಂಥಲ್ಲೆಲ್ಲ "ಚಿತ್ರವಿದೆ" ಎಂದಷ್ಟೇ ಇರುತ್ತಿತ್ತು.

ಆದರೆ ಒಂದು ಬೆಳಿಗ್ಗೆ ಕಂಪ್ಯೂಟರ್ ಏಳುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಹಿಂದಿನ ಸಂಜೆ ಹೊಸ ಆವೃತ್ತಿ ತನ್ನಷ್ಟಕ್ಕೇ ಅಪ್‌ಡೇಟ್ ಆಗಿ ಮಲಗಿತ್ತು. ಅದು ತಿದ್ದಕ್ಕನಿಗೆ ಹೇಗೆ ಗೊತ್ತಾಗಬೇಕು? ಅವಳು ಎಣಿಸಿ ಒತ್ತಿದ ಕೀಲಿ ಗಾಳಿಗೆ ಹೋಯಿತು. ಯಾರೂ ಆರಿಸದಿದ್ದರೆ ಬಾಗಿಲ ಪ್ರೋಗ್ರಾಮು ಸ್ವಲ್ಪ ಕಾದು ತಾನೇ ಹೊಸದನ್ನು ಎಬ್ಬಿಸುತ್ತಿತ್ತು; ಹಾಗೆ ಹಳೆಯದು ಏಳಬೇಕಾದಲ್ಲಿ ಹೊಸದು ಎದ್ದಿತು. ಆ ಅಪ್‌ಡೇಟಿನ ಗೊಂದಲಕ್ಕೋ ಏನೋ, ಆ ದಿನ ದನಿಯೂ ಹೊರಡಲಿಲ್ಲ. ಗೊಗ್ಗಜ್ಜನಿಗೆ ಗಂಟಲು ಕಟ್ಟಿರಬೇಕೆಂದುಕೊಂಡು ಅವಳು ಬೆರಳಿಗೆ ರೂಢಿಯಾದ ಕೀಲಿಗಳನ್ನೊತ್ತಿ ಇಡೀ ಅಧ್ಯಾಯವನ್ನು ಅಚ್ಚಿಗೆ ಬಿಟ್ಟಳು. ಯಂತ್ರ ಭೋರೆಂದು ಸುರಿಯಿತು. ಹೋಗಿ ಮುಟ್ಟಿ ನೋಡುವಷ್ಟರಲ್ಲಿ ತಟ್ಟೆಯ ತುಂಬ ಕೋಳಿ ಕೆದರಿದ ಹಾಳೆ. ದಪ್ಪ ಕಾಗದದ ಒಂದು ಇಡೀ ಕಟ್ಟು ಹಾಳಾಗಿತ್ತು.

ಯಜಮಾನರು ಏನೂ ಅನ್ನಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸುವ ಸದ್ದು ಮಾತ್ರ ಕೇಳಿಸುತ್ತಿತ್ತು. ಬೈದಿದ್ದರೆ ಮರುಬೈದು ಹಗುರಾಗಬಹುದಿತ್ತು. ಸುಮ್ಮನಿದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಮಧ್ಯಾಹ್ನಕ್ಕೆ ನಾದಿನಿ ಬಂದಳು. ಯಜಮಾನರು ಫೋನು ಮಾಡಿದ್ದರು. ಅವಳು "ನಾನು ಹೇಳಿರಲಿಲ್ವಾ" ಎನ್ನಬಹುದೆಂದು ತಿದ್ದಕ್ಕ ಕಾದಳು. ಅವಳು ಹಾಗೆನ್ನಲಿಲ್ಲ. ಆರಿದ ಯಂತ್ರದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಏನಾಯ್ತು ಅಂತ ಮೊದಲಿಂದ ಹೇಳು ಅತ್ತಿಗೆ," ಎಂದಳು.

"ಹೇಳಿದ್ರೆ ನಿನಗೆ ಗೊತ್ತಾಗಲ್ಲ," ಎಂದಳು ತಿದ್ದಕ್ಕ. ಆದರೆ ಈ ಸಲ ಅವಳ ದನಿಯಲ್ಲಿ ಮೊನೆ ಇರಲಿಲ್ಲ. "ಒಂದ್ಸಲ ಕಣ್ಣು ಕಟ್ಕೊಂಡು ನೀನೇ ಆನ್ ಮಾಡಿ ಹಳೇದಕ್ಕೆ ಹೋಗು. ನಾನು ಹೊರಗೆ ವರಾಂಡದಲ್ಲಿರ್ತೀನಿ."

ವರಾಂಡದಲ್ಲಿ ನಿಂತ ತಿದ್ದಕ್ಕನಿಗೆ ಒಳಗಿನಿಂದ ಗುಂಡಿ ಒತ್ತಿದ್ದು ಕೇಳಿಸಿತು. ಆಮೇಲೆ ನಿಶ್ಶಬ್ದ. ಮತ್ತೆ ಗುಂಡಿ. ಕುರ್ಚಿ ಕಿರುಗುಟ್ಟಿತು. ಕೀಲಿಗಳು ಟಪಟಪನೆ ಸದ್ದಾಗಿ, ಏನೋ ಕೆಳಗೆ ಬಿದ್ದು, ನಾದಿನಿ ಯಾರನ್ನೋ ಮೆಲ್ಲಗೆ ಶಪಿಸಿದಳು. ಸ್ವಲ್ಪ ಹೊತ್ತಿಗೆ ಹೊರಬಂದವಳ ಉಸಿರು ಓಡಿ ಬಂದವರಂತಿತ್ತು.

"ನಿಜ ಹೇಳ್ಲಾ ಅತ್ತಿಗೆ? ಕದ್ದು ನೋಡ್ಬಿಟ್ಟೆ. ಒಂದು ಸಲ ಅಲ್ಲ."

"ಯಾಕೆ?"

"ಕೀಲಿ ಒತ್ತೋದು ಕಷ್ಟ ಅಲ್ಲ. ಅದು ಎದ್ದಿದ್ಯೋ, ಸತ್ತಿದ್ಯೋ, ನನ್ನ ಮಾತು ಕೇಳ್ತಿದ್ಯೋ ಇಲ್ವೋ, ಒಂದೂ ಗೊತ್ತಾಗಲ್ಲ." ಅವಳು ಗೋಡೆಗೊರಗಿ ನಿಂತಳು. ಆಮೇಲೆ ಕೇಳಿದಳು, "ಹಳೇ ಪೆಟ್ಟಿಗೆ ಆನ್ ಆಗಿದ್ದು ನಿನಗೆ ಹೇಗೆ ಗೊತ್ತಾಗ್ತಿತ್ತು?"

"ಅದು ಎದ್ದ ಕೂಡ್ಲೇ ಒಂದ್ಸಲ ಕುಂಯ್ ಅಂತಿತ್ತಲ್ಲ, ನಾಯಿಮರಿ ಹಾಗೆ. ಇದಕ್ಕೆ ಆ ಸೌಜನ್ಯವೂ ಇಲ್ಲ."

ನಾದಿನಿ ಗೋಡೆ ಬಿಟ್ಟು ನೇರವಾದಳು. "ಕುಂಯ್!" ಎಂದಳು. "ಅಯ್ಯೋ, ನನ್ನ ಬುದ್ಧಿಗಿಷ್ಟು!"

ಒಳಗೆ ಓಡಿದಳು. ಮೂಲೆಯಲ್ಲಿದ್ದ ಸುಟ್ಟ ಪೆಟ್ಟಿಗೆಯನ್ನು ಎಳೆದು, ಬಗ್ಗಿ, ಒಳಗಿನಿಂದ ಏನನ್ನೋ ಕಿತ್ತು ತಂದು ತಿದ್ದಕ್ಕನ ಅಂಗೈಗಿಟ್ಟಳು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ದುಂಡನೆಯ ಡಬ್ಬಿ, ನಡುವೆ ಒಂದು ತೂತು, ಹಿಂದೆ ಎರಡು ಎಳೆ ತಂತಿ.

"ಇದೇ ಆ ನಾಯಿಮರಿ. ಈಗಿನ ಪೆಟ್ಟಿಗೆಗಳಲ್ಲಿ ಇದನ್ನ ಹಾಕೋದೇ ಬಿಟ್ಟಿದ್ದಾರೆ, ಆದ್ರೆ ಸಿಗಿಸೋ ಜಾಗ ಮಾತ್ರ ಹಾಗೇ ಬಿಟ್ಟಿದ್ದಾರೆ. ಇದಕ್ಕೆ ಯಾವ ಆವೃತ್ತಿಯೂ ಬೇಡ, ಯಾರೂ ಎದ್ದಿರಬೇಕಾಗಿಲ್ಲ. ಬಾಗಿಲು ಕಾಯ್ತಾನಲ್ಲ ನಮ್ಮ ಮೂಕ, ಅವನ ಸೆಟ್ಟಿಂಗಲ್ಲಿ ರಾಗ ನುಡಿಸು ಅಂತ ಒಂದು ಸಾಲು ಇದೆ. ಎಷ್ಟು ಸಲ ನೋಡಿದ್ದೀನಿ! ಯಾವ ಮಂಕುದಿಣ್ಣೆಗೆ ಇದು ಬೇಕಾಗತ್ತೆ ಅಂತ ದಾಟಿ ಹೋಗ್ತಿದ್ದೆ."

"ಆ ಮಂಕುದಿಣ್ಣೆ ನಿನ್ನ ಎದುರಿಗೇ ನಿಂತಿದೆ," ಎಂದಳು ತಿದ್ದಕ್ಕ.

ಇಬ್ಬರಿಗೂ ನಗು ಬಂತು. ಉಪ್ಪಿನ ಚಹಾದ ದಿನದಿಂದ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ರಾಗವನ್ನು ಅಂಕಿಗಳಲ್ಲಿ ಬರೆಯಬೇಕಿತ್ತು. ಒಂದು ಅಂಕಿ ಸ್ವರದ ಎತ್ತರಕ್ಕೆ, ಇನ್ನೊಂದು ಅದು ಎಷ್ಟು ಹೊತ್ತು ನಿಲ್ಲಬೇಕೆನ್ನುವುದಕ್ಕೆ. ನಾದಿನಿಗೂ ಸಂಗೀತಕ್ಕೂ ಹುಟ್ಟಿನಿಂದಲೇ ದೂರ. ಅವಳು ಅಂದಾಜಿನಲ್ಲಿ ಏನೋ ಬರೆದು ಕಂಪ್ಯೂಟರ್ ಆನ್ ಮಾಡಿದಳು. ಪೆಟ್ಟಿಗೆ ಕಿರುಚಿತು.

"ಬಾಗಿಲಿಗೆ ಬೆಕ್ಕಿನ ಬಾಲ ಸಿಕ್ಕಿದೆ," ಎಂದಳು ತಿದ್ದಕ್ಕ.

ಬದಲಾಯಿಸಿದಳು.

"ಈಗ ಲಾರಿ ಹಿಂದಕ್ಕೆ ಬರ್ತಿದೆ."

ಯಜಮಾನರು ಒಳಕೋಣೆಯಿಂದ ತಲೆಹಾಕಿ, "ಯಾರ ಫೋನ್ರೀ ಅದು, ಆಗ್ಲಿಂದ ಹೊಡ್ಕೊಳ್ತಿದೆ? ತಗೊಳ್ಳಬಾರದಾ?" ಎಂದರು.

"ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ," ಎಂದಳು ತಿದ್ದಕ್ಕ, "ಕೋಣವೇ ಕಿನ್ನರಿ ಬಾರಿಸೋದು ಇವತ್ತೇ ಕೇಳಿದ್ದು. ಸರಿ, ನಾನು ಹೇಳ್ತೀನಿ, ನೀನು ಬರಿ. ನಿಮ್ಮಣ್ಣ ಸಂಜೆ ವ್ಯಾನು ನಿಲ್ಲಿಸಿ ಗೇಟಿನ ಹತ್ರ ಶಿಳ್ಳೆ ಹಾಕ್ತಾನಲ್ಲ, ಹಾಗಿರಲಿ. ಎರಡು ಸಣ್ಣದು ಮೇಲಕ್ಕೆ, ಒಂದು ಉದ್ದದ್ದು ಕೆಳಕ್ಕೆ. ಅದು ಕೇಳಿದ್ರೆ ಯಾರೋ ಬಂದ್ರು ಅಂತ ಕಿವಿಗೆ ತಾನಾಗೇ ಗೊತ್ತಾಗತ್ತೆ."

ಅವಳು ಗುನುಗಿದಳು, ನಾದಿನಿ ಅಂಕಿ ಹಾಕಿದಳು. "ಇನ್ನೂ ಸ್ವಲ್ಪ ಮೇಲೆ." "ಈಗ?" "ಮೇಲೆ ಅಂದ್ರೆ ಚಾವಣಿಗಲ್ಲ." "ಈಗ?" ಹೀಗೆ ಎಷ್ಟೋ ಸಲ ಆರಿಸಿ ಹಚ್ಚಿದ ಮೇಲೆ, ಪೆಟ್ಟಿಗೆಯ ಹೊಟ್ಟೆಯಿಂದ ಮೂರು ಸ್ವರ ಸ್ವಚ್ಛವಾಗಿ ಹೊರಬಂದವು. ಎರಡು ಸಣ್ಣವು ಮೇಲಕ್ಕೆ, ಒಂದು ಉದ್ದದ್ದು ಕೆಳಕ್ಕೆ.

"ಇನ್ನೊಂದು ಮಾತು," ಎಂದಳು ನಾದಿನಿ. "ಮೊದಲು ಸ್ವಲ್ಪ ಹೊತ್ತು ಕಾದು ಅದೇ ಒಂದನ್ನ ಆರಿಸ್ಕೊಳ್ಳೋ ಹಾಗಿತ್ತು. ಅದನ್ನ ತೆಗೆದಿದ್ದೀನಿ. ಈಗ ನೀನು ಹೇಳೋವರೆಗೂ ಕಾಯ್ತಾ ಕೂತಿರತ್ತೆ. ನೀನು ಚಹಾ ಕುಡಿದು ಬಂದ್ರೂ ಕಾಯ್ತಿರತ್ತೆ. ಹೊಸದು ನಡುವೆ ತಾನಾಗೇ ಆರಿ ಎದ್ರೂ ಶಿಳ್ಳೆ ಕೇಳ್ಸತ್ತೆ, ನೀನು ಮೋಸ ಹೋಗಲ್ಲ." ಅಷ್ಟು ಹೇಳಿ ಅವಳು ಕುರ್ಚಿ ಬಿಟ್ಟೆದ್ದು ಗೋಡೆಯ ಬದಿಗೆ ಸರಿದು ನಿಂತಳು. "ಈಗ ನೀನು. ನಾನು ಮುಟ್ಟಲ್ಲ."

ತಿದ್ದಕ್ಕ ಕೂತಳು. ಗುಂಡಿ ಒತ್ತಿದಳು. ಶಿಳ್ಳೆ ಬಂತು. ಎಂಟರ್ ಒತ್ತಿದಳು. ಗೊಗ್ಗಜ್ಜ ತನ್ನ ಗೊಗ್ಗರು ದನಿಯಲ್ಲಿ ಹಾಜರಿ ಹೇಳಿದ. ಕಂಪ್ಯೂಟರ್ ಆರಿಸಿ ಮತ್ತೆ ಗುಂಡಿ ಒತ್ತಿದಳು. ಶಿಳ್ಳೆ. ಬಾಣದ ಕೀಲಿ, ಎಂಟರ್. ಈ ಸಲ ಸಕ್ಕರೆಬಾಯಿ, ತಿದ್ದಕ್ಕ ಕಲಿಸಿದ ವೇಗದಲ್ಲಿ. ಮತ್ತೊಮ್ಮೆ ಹಳೆಯದು, ಮತ್ತೊಮ್ಮೆ ಹೊಸದು. ಗಾಳಿಪಟದ ದಾರ ಕೈಗೆ ಸಿಕ್ಕ ಮಗುವಿನಂತೆ ಅವಳು ಬಿಡಲೇ ಒಲ್ಲಳು. ನಾದಿನಿಯ ಕೈ ಸಹಾಯಕ್ಕೆಂದು ಎರಡು ಸಲ ಮುಂದೆ ಬಂತು, ಎರಡು ಸಲವೂ ತಾನಾಗಿಯೇ ಹಿಂದೆ ಹೋಯಿತು. ಬಳೆಯ ಸದ್ದಿನಿಂದ ತಿದ್ದಕ್ಕನಿಗೆ ಅದೂ ಗೊತ್ತಾಯಿತು.

ಆಮೇಲೆ ಕೆಲಸ ಹಿಡಿದ ವೇಗಕ್ಕೆ ಯಜಮಾನರೇ ಬೆರಗಾದರು. ಬೆಳಿಗ್ಗೆ ಸಕ್ಕರೆಬಾಯಿಯ ಜೊತೆ ಕೂತು ಫೈಲು ತೆರೆದು, ಪಾಠ ತಿದ್ದಿ, ಎರಡು ಆವೃತ್ತಿಗಳಿಗೂ ಕೈಗೆಟಕುವ ಒಂದು ಕಪಾಟಿನಂಥ ಜಾಗದಲ್ಲಿಟ್ಟು ಬರುವುದು. ಮಧ್ಯಾಹ್ನ ಗೊಗ್ಗಜ್ಜನನ್ನು ಎಬ್ಬಿಸಿ, ಅಲ್ಲಿಂದಲೇ ಅದನ್ನು ತೆಗೆದುಕೊಂಡು ಅಚ್ಚಿಗೆ ಬಿಡುವುದು. ಆ ಕಪಾಟನ್ನೂ ನಾದಿನಿಯೇ ಮಾಡಿಕೊಟ್ಟಿದ್ದಳು; ಈ ಸಲ ಎಲ್ಲಿ ಏನಿಡಬೇಕೆಂದು ಮೊದಲು ಕೇಳಿಕೊಂಡಿದ್ದಳು. "ಚಿತ್ರವಿದೆ" ಎಂಬ ಎರಡು ಪದ ಇರುತ್ತಿದ್ದಲ್ಲೆಲ್ಲ ತಿದ್ದಕ್ಕ ಚಿತ್ರದ ವಿವರಣೆಯನ್ನೇ ಸೇರಿಸಿದಳು. ಪುಸ್ತಕ ದಪ್ಪವಾಯಿತು. ಯಜಮಾನರು ಕಾಗದದ ಕಟ್ಟುಗಳನ್ನು ನೋಡಿ ಒಮ್ಮೆ ನಿಟ್ಟುಸಿರುಬಿಟ್ಟರು, ಆಮೇಲೆ "ಇರಲಿ, ಮಕ್ಕಳು ಓದಿಕೊಳ್ಳಲಿ," ಎಂದರು. ಶಾಲೆ ತೆರೆಯುವ ಮುಂಚೆಯೇ ವಿಜ್ಞಾನದ ಪುಸ್ತಕಗಳು ಪೆಟ್ಟಿಗೆ ತುಂಬಿ ಹೋದವು. ಒಂದಷ್ಟನ್ನು ತಿದ್ದಕ್ಕನ ಗಂಡ ತನ್ನ ವ್ಯಾನಿನಲ್ಲೇ ಮುಟ್ಟಿಸಿದ. ಮುದ್ರಣಾಲಯದ ಬಾಗಿಲಲ್ಲಿ ನಿಂತಿದ್ದಾಗ ಕಂಪ್ಯೂಟರ್ ಏಳುವ ಸದ್ದು ಕೇಳಿ, "ಇದು ನನ್ನ ಶಿಳ್ಳೆ! ಕೇಳದೆ ಕದ್ದಿದ್ದೀರಿ," ಎಂದು ಎರಡು ದಿನ ಬೀಗಿಕೊಂಡು ತಿರುಗಿದ.

ಪುಸ್ತಕ ತಲುಪಿದ ಶಾಲೆಯೊಂದರಿಂದ ಫೋನು ಬಂತು. ಅಲ್ಲಿಯ ಟೀಚರಿಗೂ ಕಣ್ಣಿಲ್ಲ. ಹೂವಿನ ಅಡ್ಡಸೀಳಿಕೆಯ ವಿವರಣೆಯನ್ನು ಬಾಯಾರೆ ಹೊಗಳಿದ ಮೇಲೆ ತಗ್ಗಿದ ದನಿಯಲ್ಲಿ, "ನಮ್ಮಲ್ಲೂ ಅದೇ ಪಾಡು," ಎಂದರು. "ಹಳೇದರಲ್ಲಿ ಮಕ್ಕಳ ಅಂಕಪಟ್ಟಿ, ಹೊಸದರಲ್ಲಿ ಪಾಠ. ಬದಲಾಯಿಸಬೇಕಾದಾಗಲೆಲ್ಲ ಗುಮಾಸ್ತರನ್ನ ಕರೀಬೇಕು. ಅವರು ಬರೋ ಹೊತ್ತಿಗೆ ಗಂಟೆ ಹೊಡೆದಿರತ್ತೆ."

ತಿದ್ದಕ್ಕ ಫೋನನ್ನು ನಾದಿನಿಯ ಕೈಗೆ ಕೊಟ್ಟಳು. ಮಾತು ಮುಗಿಸಿದ ನಾದಿನಿ, "ನಾಳೆ ಹೋಗಿ ಮಾಡಿಕೊಟ್ಟು ಬರ್ತೀನಿ," ಎಂದು ಚೀಲ ತುಂಬತೊಡಗಿದಳು.

"ಒಬ್ಬಳೇ ಹೋಗಿ ಏನು ಮಾಡ್ತೀಯ? ಸರಿಯಾಯ್ತೋ ಇಲ್ವೋ ಅಂತ ನೋಡೋದಕ್ಕೆ ನಾನು ಬೇಡ್ವಾ?"

"ನೀನು ನೋಡೋದಾ?"

"ಮತ್ತೆ? ನೀನು ಕಣ್ಣು ಕಟ್ಕೊಂಡ್ರೂ ಕದ್ದು ನೋಡೋಳು. ನಿನ್ನ ನಂಬೋದು ಹೇಗೆ?"

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕಿಟಕಿಯ ಬದಿಗೆ ಯಾರು ಕೂರಬೇಕೆಂದು ನಾದಿನಿ ಕೇಳಿದಳು; ತಿದ್ದಕ್ಕ ಗಾಳಿ ಬೇಕೆಂದು ಕಿಟಕಿಯನ್ನೇ ತೆಗೆದುಕೊಂಡಳು. ದಾರಿಯುದ್ದಕ್ಕೂ ನಾದಿನಿ ಬೆರಳು ಮಡಿಸುತ್ತಾ ಲೆಕ್ಕ ಹಾಕುತ್ತಿದ್ದಳು. ಹಳೆಯ ಪೆಟ್ಟಿಗೆಗಳ ಆ ಪುಟ್ಟ ಡಬ್ಬಿಗಳು ಯಾವ ಗುಜರಿಯಲ್ಲಿ ಸಿಗಬಹುದು, ಇಂಥ ಶಾಲೆಗಳು ಇನ್ನೆಲ್ಲೆಲ್ಲಿವೆ, ಸೈಕಲ್ ಅಂಗಡಿಯವನ ಹಿಂಬದಿಯ ಖಾಲಿ ಕೋಣೆಯನ್ನು ಬಾಡಿಗೆಗೆ ಕೇಳಿದರೆ ಕೊಟ್ಟಾನೆಯೇ. "ಕೊಡದೆ ಏನು, ನಾನು ಕೇಳ್ತೀನಿ," ಎಂದಳು ತಿದ್ದಕ್ಕ. "ನನ್ನ ಬಾಯಿಗೆ ಹೆದರಿ ಕೊಡ್ತಾನೆ."

ಶಾಲೆಯ ಕೋಣೆಯಲ್ಲಿ ಟೀಚರು ಎರಡೂ ಕೈಗಳಿಂದ ಮೇಜು ತಡವಿ ಅವರಿಗೆ ಜಾಗ ಮಾಡಿಕೊಟ್ಟರು. ಮಧ್ಯಾಹ್ನದ ಗಂಟೆ ಹೊಡೆಯುವುದಕ್ಕೆ ಮುಂಚೆ ಎರಡೂ ಆವೃತ್ತಿಗಳು ಪಕ್ಕಪಕ್ಕದಲ್ಲಿ ನೆಲೆಯಾದವು. ಡಬ್ಬಿ ಸಿಗಿಸಿ ನಾದಿನಿ ಸ್ವಿಚ್ಚು ಹಾಕಿದಳು. ಮೂರು ಸ್ವರಗಳು ಬಂದವು. ಟೀಚರು ತಲೆ ಓರೆಮಾಡಿ ಕೇಳಿದರು.

"ಚೆನ್ನಾಗಿದೆ," ಎಂದರು. "ಆದ್ರೆ ಇದು ನಿಮ್ಮದು. ನಂಗೆ ನಂದೇ ಒಂದು ಬೇಕು. ಗುನುಗಿದ್ರೆ ಹಾಕಿಕೊಡ್ತೀರಾ?"

"ಗುನುಗಿ," ಎಂದು ನಾದಿನಿ ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡಳು. "ಆದ್ರೆ ಸಣ್ಣದಾಗಿರಲಿ ಟೀಚರ್, ಆ ಮೂಕನಿಗೆ ಉಸಿರು ಕಡಿಮೆ."

ಟೀಚರು ನಾಚಿಕೊಂಡರು, ಗಂಟಲು ಸರಿಮಾಡಿಕೊಂಡರು, ಆಮೇಲೆ ಗುನುಗತೊಡಗಿದರು. ತಿದ್ದಕ್ಕ ಪಕ್ಕದ ಸ್ಟೂಲಿನಲ್ಲಿ ಕೂತು, ಎಲ್ಲಿ ತಪ್ಪುತ್ತದೆಯೋ ಎಂದು ಕಿವಿ ಕೊಟ್ಟಳು.